ಊರಿನ ದಾರಿಯಲ್ಲಿ, ಎರಡು ವಿಮಾನಗಳ ನಡುವೆ

ಶಿಕಾಗೊದಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ. ದೋಹಾ, ದುಬೈ, ಅಬುಧಾಬಿ, ಫ್ರಾಂಕ್‌ಫರ್ಟ್, ಲಂಡನ್, ದೆಹಲಿ, ಹೀಗೆ ಎಲ್ಲಾದರೂ ಒಂದು ಕಡೆ ಇಳಿದು ಇನ್ನೊಂದು ವಿಮಾನ ಹತ್ತಲೇಬೇಕು. ನನ್ನಂತೆ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯದಾದರೆ ಬೆಂಗಳೂರಿಗೆ ಬಂದರೂ ಊರು ಬಂದಂತಲ್ಲ. ಅಲ್ಲಿಂದ ಮತ್ತೊಂದು ರೈಲೋ ಬಸ್ಸೋ ಉಳಿದಿರುತ್ತದೆ. ಈ ಮನೆಯ ಬೀಗ ಹಾಕಿ ಆ ಮನೆಯ ಹೊಸ್ತಿಲು ದಾಟುವುದರೊಳಗೆ ಒಂದೂವರೆ ದಿನ, ಕೆಲವೊಮ್ಮೆ ಎರಡು ದಿನವೇ ಆಗಿಬಿಡುತ್ತದೆ.

ಪ್ರಯಾಣದ ವ್ಯವಸ್ಥೆ ಮಾಡುವುದು ನನ್ನ ಕಸುಬಲ್ಲ. ವರ್ಷಗಳಿಂದ ಹೋಗಿ ಬಂದು, ಅಪ್ಪ ಅಮ್ಮನನ್ನು ಕರೆಸಿ ಕಳಿಸಿ, ಗೆಳೆಯರ ತಂದೆತಾಯಿಗಳಿಗೆ ಟಿಕೆಟ್ ಹುಡುಕಿಕೊಟ್ಟು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಮೊದಲು ಬೆಲೆಯೊಂದನ್ನೇ ನೋಡಿ ಟಿಕೆಟ್ ಕೊಳ್ಳುತ್ತಿದ್ದೆ. ಈಗ ಮೊದಲು ಯೋಚಿಸುವುದು, ಊರು ತಲುಪಿದಾಗ ಪ್ರಯಾಣ ಮಾಡಿದವರ ಮೈ ಮನಸ್ಸು ಹೇಗಿರುತ್ತದೆ ಎಂದು. ಸಿಗುವುದೇ ಮೂರು ವಾರದ ರಜೆ. ಅದರಲ್ಲಿ ಮೊದಲ ನಾಲ್ಕು ದಿನ ಹಾಸಿಗೆ ಹಿಡಿದರೆ, ಟಿಕೆಟ್ಟಿನಲ್ಲಿ ಉಳಿಸಿದ ನೂರು ಡಾಲರನ್ನು ಯಾವ ಲೆಕ್ಕಕ್ಕೆ ಬರೆಯುವುದು?

1. ಇಡೀ ದಾರಿಗೆ ಒಂದೇ ಟಿಕೆಟ್ ಇರಲಿ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮೆರಿಕದಿಂದ ಯುರೋಪಿಗೆ ಒಂದು ಟಿಕೆಟ್, ಅಲ್ಲಿಂದ ಬೆಂಗಳೂರಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಕೊಂಡೆ. ಎರಡೂ ಸೇರಿ ಒಳ್ಳೆಯ ಉಳಿತಾಯವೇ ಆಗಿತ್ತು. ಮೊದಲ ವಿಮಾನ ತಡವಾಯಿತು. ಎರಡನೆಯದು ನನ್ನನ್ನು ಬಿಟ್ಟು ಹೋಯಿತು. ಮೊದಲ ಕಂಪನಿಯವರ ಪಾಲಿಗೆ ನನ್ನ ಪ್ರಯಾಣ ಅಲ್ಲಿಗೇ ಮುಗಿದಿತ್ತು. ಎರಡನೆಯವರ ದೃಷ್ಟಿಯಲ್ಲಿ ನಾನು ಹೊತ್ತಿಗೆ ಬಾರದ ಪ್ರಯಾಣಿಕ. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಕೌಂಟರಿನಲ್ಲಿ ನಿಂತು ಆ ದಿನದ ಬೆಲೆಗೆ ಹೊಸ ಟಿಕೆಟ್ ಕೊಂಡಾಗ ಉಳಿತಾಯ ಹೋಗಿ ಸಾಲ ಉಳಿಯಿತು.

ಒಂದೇ ಪಿಎನ್‌ಆರ್‌ನಲ್ಲಿ ಇಡೀ ದಾರಿ ಇದ್ದರೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬದಲಿ ಸೀಟು ಕೊಡುವ ಹೊಣೆ ಕಂಪನಿಯದು. ಲಗೇಜಿನ ಮಾತೂ ಇದೆ. ಬೇರೆ ಬೇರೆ ಟಿಕೆಟ್ಟಾದರೆ ಬಹುಪಾಲು ಸಂದರ್ಭಗಳಲ್ಲಿ ನಡುವಿನ ನಿಲ್ದಾಣದಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಹೋಗಿ, ಬೆಲ್ಟಿನಿಂದ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಹೋಗಲು ಆ ದೇಶದ ವೀಸಾ ಬೇಕಾಗಬಹುದು. ಟಿಕೆಟ್ ಕೊಳ್ಳುವಾಗ ಈ ಮಾತನ್ನು ಯಾರೂ ಎದುರಿಗೆ ಕೂರಿಸಿಕೊಂಡು ಹೇಳುವುದಿಲ್ಲ.

2. ನಡುವಿನ ದೇಶದ ನಿಯಮವನ್ನೂ ಓದಿ

ಒಂದೇ ಟಿಕೆಟ್ ಆದರೂ ವೀಸಾದ ತೊಡಕು ಪೂರ್ತಿ ತಪ್ಪುವುದಿಲ್ಲ. ಶಿಕಾಗೊದಿಂದ ಮ್ಯೂನಿಕ್, ಮ್ಯೂನಿಕ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು ಎಂಬ ಟಿಕೆಟ್ ಅಗ್ಗಕ್ಕೆ ಸಿಗಬಹುದು. ಆದರೆ ಮ್ಯೂನಿಕ್–ಫ್ರಾಂಕ್‌ಫರ್ಟ್ ಹಾರಾಟ ಜರ್ಮನಿಯ ಒಳಗಿನದು. ಅದನ್ನು ಹತ್ತಬೇಕಾದರೆ ಷೆಂಗೆನ್ ಗಡಿ ದಾಟಲೇಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಷೆಂಗೆನ್ ನಾಡಿನಲ್ಲಿ ಎರಡು ಕಡೆ ನಿಲ್ಲುವ ಟಿಕೆಟ್ಟನ್ನು ಅಪ್ಪ ಅಮ್ಮನಿಗಂತೂ ಕೊಳ್ಳಲೇಬೇಡಿ.

ಎಚ್-1ಬಿ ಮೇಲೆ ಕೆಲಸ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ ಇರುವ ಅನುಮತಿ ಚಾಲ್ತಿಯಲ್ಲಿದ್ದರೂ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ದಿನಾಂಕ ಮುಗಿದಿರಬಹುದು. ಟ್ರಾನ್ಸಿಟ್‌ಗೆ ಯುರೋಪಿನ ಕೆಲವು ದೇಶಗಳಲ್ಲಿ ಸಿಗುವ ವಿನಾಯಿತಿ ಆ ವೀಸಾದ ಮೇಲೆಯೇ ನಿಂತಿರಬಹುದು. ಟಿಕೆಟ್ ಕೊಳ್ಳುವ ಮುಂಚೆ ಆ ದೇಶದ ದೂತಾವಾಸದ ಜಾಲತಾಣ ನೋಡಿ, ವಿಮಾನ ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ನಿಯಮ ಬದಲಾಗುತ್ತಲೇ ಇರುತ್ತದೆ, ಹೋದ ವರ್ಷ ಹೋಗಿ ಬಂದವರ ಮಾತು ಸಾಲದು.

3. ಕನೆಕ್ಷನ್‌ಗೆ ಮೂರು ಗಂಟೆ, ಹಿರಿಯರಿದ್ದರೆ ನಾಲ್ಕು

ಟಿಕೆಟ್ ಮಾರುವ ಕಂಪ್ಯೂಟರಿಗೆ ಪ್ರತಿ ನಿಲ್ದಾಣದ ‘ಕನಿಷ್ಠ ಕನೆಕ್ಷನ್ ಸಮಯ’ ಗೊತ್ತಿರುತ್ತದೆ. ಅದಕ್ಕಿಂತ ಐದು ನಿಮಿಷ ಹೆಚ್ಚಿದ್ದರೂ ಟಿಕೆಟ್ ಮಾರುತ್ತದೆ. ಮಗುವಿನ ಡಯಾಪರ್, ಮಂಡಿನೋವು, ಮತ್ತೊಮ್ಮೆ ಭದ್ರತಾ ತಪಾಸಣೆಯ ಸಾಲು, ನಿಲ್ದಾಣದೊಳಗಿನ ರೈಲು, ಇವೊಂದೂ ಅದರ ಲೆಕ್ಕದಲ್ಲಿಲ್ಲ. ಡಿಸೆಂಬರ್–ಜನವರಿಯಲ್ಲಿ ಶಿಕಾಗೊದ ಓಹೇರ್‌ನಿಂದ ಹೊರಡುವುದಾದರೆ ಹಿಮವನ್ನೂ ಸೇರಿಸಿಕೊಳ್ಳಿ. ಪ್ರಯಾಣಿಕರೆಲ್ಲ ಕುಳಿತ ಮೇಲೆ ರೆಕ್ಕೆಗಳ ಮೇಲಿನ ಹಿಮ ಕರಗಿಸಲು ದ್ರಾವಣ ಸುರಿಯುತ್ತಾರೆ; ಅದಕ್ಕೂ ವಿಮಾನಗಳು ಸಾಲು ನಿಲ್ಲುತ್ತವೆ.

ದೆಹಲಿ ಅಥವಾ ಮುಂಬೈ ಮೇಲೆ ಬರುವವರಿಗೆ ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಷನ್, ಅಲ್ಲೇ ಕಸ್ಟಮ್ಸ್. ಪೆಟ್ಟಿಗೆಗೆ ಬೆಂಗಳೂರಿನ ಟ್ಯಾಗ್ ಇದ್ದರೂ ಬೆಲ್ಟಿನಿಂದ ಎತ್ತಿ, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕಾಗುತ್ತದೆ. ಟ್ಯಾಗ್ ನೋಡಿ ‘ಪೆಟ್ಟಿಗೆ ತಾನೇ ಬರುತ್ತದೆ’ ಎಂದುಕೊಂಡು ಮುಂದೆ ನಡೆದವರನ್ನು ಕಂಡಿದ್ದೇನೆ. ಚೆಕ್-ಇನ್ ಮಾಡುವಾಗಲೇ ‘ಈ ಪೆಟ್ಟಿಗೆ ನಾನು ಎಲ್ಲಿ ತೆಗೆದುಕೊಳ್ಳಬೇಕು?’ ಎಂದು ಕೇಳಿಬಿಡುವುದು ವಾಸಿ.

4. ಉದ್ದದ ಕಾಯುವಿಕೆಯನ್ನು ಮೊದಲೇ ತುಂಡು ಮಾಡಿಕೊಳ್ಳಿ

ಎಂಟು, ಹತ್ತು ಗಂಟೆಯ ಲೇಓವರ್‌ಗಳನ್ನು ಮೊದಲು ನಾನು ಕಳೆಯುತ್ತಿದ್ದ ಬಗೆ ಒಂದೇ: ಗೇಟಿನ ಎದುರು ಕುರ್ಚಿ ಹಿಡಿದು ಮೊಬೈಲ್ ನೋಡುವುದು. ಮೂರನೇ ಗಂಟೆಗೆ ಕಣ್ಣು ಉರಿ, ಐದನೇ ಗಂಟೆಗೆ ಯಾರ ಮೇಲೆಂದಿಲ್ಲದ ಸಿಟ್ಟು, ಕೊನೆಗೆ ವಿಮಾನ ಹತ್ತುವ ಹೊತ್ತಿಗೆ ತಡೆಯಲಾರದ ನಿದ್ದೆ. ಒಮ್ಮೆ ಹಾಗೆಯೇ ನಿದ್ದೆ ಹೋದೆ. ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿತ್ತು. ಅದರ ಗಡಿಯಾರ ಇನ್ನೂ ಶಿಕಾಗೊದ ಸಮಯವನ್ನೇ ತೋರಿಸುತ್ತಿತ್ತು. ಅಲಾರಂ ಇಡುವಾಗ ಲೆಕ್ಕ ತಪ್ಪಿದ್ದೆ. ಅಷ್ಟರಲ್ಲಿ ಗೇಟೂ ಬದಲಾಗಿತ್ತು. ಎಬ್ಬಿಸಿದವರು ಪಕ್ಕದಲ್ಲಿ ಕುಳಿತಿದ್ದ ಕುಂದಾಪುರದ ಕಡೆಯವರು, ಗಲ್ಫಿನಲ್ಲಿ ದುಡಿದು ಎರಡು ವರ್ಷದ ಮೇಲೆ ಊರಿಗೆ ಹೊರಟವರು. ನನ್ನ ಕೈಯಲ್ಲಿದ್ದ ಬೋರ್ಡಿಂಗ್ ಪಾಸ್ ನೋಡಿ, ‘ಬೆಂಗಳೂರು ಗೇಟ್ ಆಚೆ ಬದಿಗೆ ಹೋಯ್ತು, ಏಳಿ’ ಎಂದರು. ಅವರಿಗೆ ಸರಿಯಾಗಿ ವಂದನೆ ಹೇಳುವಷ್ಟೂ ಹೊತ್ತಿರಲಿಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಈಗ ಇಳಿದ ಕೂಡಲೇ ಮೊದಲು ಮಾಡುವುದು ನಿಲ್ದಾಣದ ವೈ-ಫೈ ಹಿಡಿದು ಗಡಿಯಾರ ಸರಿಮಾಡುವುದು. ದೋಹಾ ಭಾರತದ ಸಮಯಕ್ಕಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಆಮೇಲೆ ಸ್ನಾನಕ್ಕೆ ಅವಕಾಶವಿದ್ದರೆ ಸ್ನಾನ. ಇಲ್ಲದಿದ್ದರೆ ಹಲ್ಲುಜ್ಜಿ, ಮುಖ ತೊಳೆದು, ಅಂಗಿ ಮತ್ತು ಕಾಲುಚೀಲ ಬದಲಿಸುವುದು. ಇಷ್ಟಕ್ಕೇ ಅರ್ಧ ಆಯಾಸ ಇಳಿಯುತ್ತದೆ. ನಂತರ ಒಂದು ಗಂಟೆ ನಡಿಗೆ. ದೋಹಾದ ಹಮದ್ ನಿಲ್ದಾಣದಲ್ಲಿ 2022ರಲ್ಲಿ ತೆರೆದ ಒಳಾಂಗಣ ತೋಟವಿದೆ, ಗಾಜಿನ ಚಾವಣಿಯ ಕೆಳಗೆ ನಿಜವಾದ ಮರಗಳು. ಹದಿಮೂರು ಗಂಟೆ ಮುಚ್ಚಿದ ವಿಮಾನದಲ್ಲಿ ಕುಳಿತು ಬಂದ ಮೇಲೆ ಹಸಿರಿನ ಮುಂದೆ ಸುಮ್ಮನೆ ಕೂರುವುದಕ್ಕೆ ಎಷ್ಟು ಬೆಲೆಯಿದೆ ಎಂಬುದು ಕುಳಿತವರಿಗೇ ಗೊತ್ತು. ಅಲ್ಲೇ ಮಲಗಲು ಮಂದ ಬೆಳಕಿನ ಕೋಣೆಗಳೂ ಇವೆ, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ.

ಮಲಗುವುದಾದರೆ ಲೇಓವರಿನ ನಡುಭಾಗದಲ್ಲಿ ಮಲಗಿ, ಕೊನೆಯ ಎರಡು ಗಂಟೆಯಲ್ಲಿ ಬೇಡ. ಎರಡು ಅಲಾರಂ ಇಡಿ. ಬ್ಯಾಗಿನ ಪಟ್ಟಿಗೆ ತೋಳು ತೂರಿಸಿಕೊಂಡಿರಿ. ಎದ್ದ ಮೇಲೆ ಮೊಬೈಲಿನಲ್ಲಿ ಅಲ್ಲ, ಗೋಡೆಯ ಫಲಕದಲ್ಲಿ ಗೇಟ್ ಸಂಖ್ಯೆ ನೋಡಿ.

5. ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಕೇಳಿದಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಲೂಬೇಡಿ

ಅಮ್ಮ ಮೊದಲ ಸಲ ಒಬ್ಬರೇ ವಾಪಸು ಹೊರಟಾಗ ವೀಲ್‌ಚೇರ್ ಬರೆಸಿದ್ದೆ. ‘ನಾನೇನು ಕಾಯಿಲೆಯವಳಾ? ತೋಟ ಸುತ್ತುವವಳಿಗೆ ಗಾಡಿ ಯಾಕೋ ಮಗಾ’ ಎಂದು ಬೇಸರ ಮಾಡಿಕೊಂಡರು. ತೋಟ ಸುತ್ತುವುದು ಬೇರೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಓದಲು ಬಾರದ ಫಲಕಗಳ ನಡುವೆ ಕಿಲೋಮೀಟರುಗಟ್ಟಲೆ ನಡೆಯುವುದು ಬೇರೆ ಎಂದು ಒಪ್ಪಿಸಿದೆ. ವಿಮಾನದ ಮೆಟ್ಟಿಲು ಹತ್ತಿ ಇಳಿಯಬಲ್ಲ, ಆದರೆ ದೂರ ನಡೆಯಲಾಗದ ಪ್ರಯಾಣಿಕರಿಗೆ ‘ಡಬ್ಲ್ಯುಸಿಎಚ್ಆರ್’ ಎಂಬ ಕೋಡ್ ಇದೆ. ಟಿಕೆಟ್ಟಿನ ಎರಡೂ ಹಾರಾಟಗಳಲ್ಲಿ ಅದು ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ನಿಜಕ್ಕೂ ಅಗತ್ಯ ಇರುವವರಿಗೆ ಮಾತ್ರ ಕೇಳಿ ಎನ್ನುವುದನ್ನೂ ಸೇರಿಸುತ್ತೇನೆ. ಬೆಂಗಳೂರಿನ ವಿಮಾನದ ಬಾಗಿಲಲ್ಲಿ ಗಾಡಿಗಳ ಸಾಲು ಎಷ್ಟು ಉದ್ದವಿರುತ್ತದೆಂದರೆ, ನಡೆಯಲಾರದವರು ಅಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ಅಮ್ಮ ಊರು ಮುಟ್ಟಿ ಫೋನ್ ಮಾಡಿದಾಗ ದನಿ ಬತ್ತಿತ್ತು. ನಡುವಿನ ನಿಲ್ದಾಣದಲ್ಲಿ ಗಾಡಿಯವರು ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಹೊತ್ತಾದಾಗ ಬರುತ್ತೇವೆಂದು ಸನ್ನೆ ಮಾಡಿ ಹೋಗಿದ್ದರು. ‘ಎದ್ದು ಹೋದರೆ ಅಷ್ಟರಲ್ಲಿ ಅವರು ಬಂದು, ನಾನಿಲ್ಲ ಅಂತ ಹೋಗಿಬಿಟ್ಟರೆ? ಅದಕ್ಕೇ ಏಳಲೇ ಇಲ್ಲ. ಬಾತ್‌ರೂಮಿಗೆ ಹೋಗಬೇಕಾದೀತು ಅಂತ ನೀರೂ ಕುಡೀಲಿಲ್ಲ.’ ಐದು ಗಂಟೆ ಹಾಗೆ ಕುಳಿತಿದ್ದರು. ಮೊಣಕಾಲು ಊದಿತ್ತು. ಗಾಡಿ ಬರೆಸಿದ್ದೇನೆಂಬ ಸಮಾಧಾನದಲ್ಲಿ ನಾನು ಇಲ್ಲಿ ನಿದ್ದೆ ಮಾಡಿದ್ದೆ.

ಆಮೇಲೆ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದರೆ ಒಂದು ಹಾಳೆ. ದೊಡ್ಡ ಅಕ್ಷರದಲ್ಲಿ ಕನ್ನಡ, ಅದರ ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ‘ನಾನು ಬೆಂಗಳೂರಿಗೆ ಹೋಗಬೇಕು, ನನ್ನ ಗೇಟ್ ತೋರಿಸಿ.’ ‘ನಾನು ಬಾತ್‌ರೂಮಿಗೆ ಹೋಗಬೇಕು, ಬರುವವರೆಗೆ ಕಾಯಿರಿ.’ ‘ಕುಡಿಯಲು ನೀರು ಬೇಕು.’ ‘ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ.’ ‘ನನಗೆ ಮೈ ಸರಿಯಿಲ್ಲ.’ ‘ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ ನನ್ನ ಮಗನ ಜೊತೆ ಮಾತನಾಡಿಸಿ.’ ಬೇಕಾದ ಸಾಲಿನ ಮೇಲೆ ಬೆರಳಿಟ್ಟರೆ ಸಾಕು. ಹಿಂಬದಿಯಲ್ಲಿ ಹಾರಾಟಗಳ ಸಂಖ್ಯೆ, ಸಮಯ, ಮತ್ತು ಗುರುತು ಸಿಗುವ ಜಾಗ. ಹಮದ್ ನಿಲ್ದಾಣದ ನಡುವೆ ದೀಪದ ಕೆಳಗೆ ಕೂತಿರುವ ಒಂದು ಭಾರೀ ಹಳದಿ ಕರಡಿಯ ಪ್ರತಿಮೆಯಿದೆ. ‘ದಾರಿ ತಪ್ಪಿದರೆ ಹಳದಿ ಕರಡಿಯ ಹತ್ತಿರ ನಿಂತುಕೊಳ್ಳಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಅಮ್ಮನ ಮುಂದಿನ ಪ್ರಯಾಣದಲ್ಲಿ ಆ ಹಾಳೆ ಮಡಿಕೆ ಹರಿಯುವಷ್ಟು ಬಳಕೆಯಾಗಿತ್ತು. ಈಗ ಪರಿಚಯದವರೆಲ್ಲ ಒಯ್ಯುತ್ತಾರೆ. ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಬರೆದುಕೊಡಬಹುದು.

6. ಊಟದ ಕೋಡ್ ನೋಡಿ ಆರಿಸಿ

ಅಪ್ಪನಿಗೆ ಟಿಕೆಟ್ ಮಾಡುವಾಗ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದಿತ್ತು. ಸಸ್ಯಾಹಾರವೇ ಇರಬೇಕೆಂದು ಅದನ್ನೇ ಆರಿಸಿದೆ. ತಟ್ಟೆಯಲ್ಲಿ ಕೋಳಿ ಬಂತು. ‘ಎಚ್‌ಎನ್‌ಎಂಎಲ್’ ಎಂಬುದು ಗೋಮಾಂಸವಿಲ್ಲದ, ಆದರೆ ಮಾಂಸವಿರುವ ಊಟ. ನಮ್ಮ ರೀತಿಯ ಸಸ್ಯಾಹಾರಕ್ಕೆ ‘ಎವಿಎಂಎಲ್’. ಹೊರಡುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ಎರಡೂ ಹಾರಾಟಗಳಿಗೆ ಬರೆಸಬೇಕು. ಅಪ್ಪ ಆ ದಿನ ಬರೀ ಬ್ರೆಡ್ಡು ಹಣ್ಣಿನಲ್ಲಿ ಅರ್ಧ ಭೂಮಿ ದಾಟಿದರು. ಈಗ ಏನೇ ಬರೆಸಿದ್ದರೂ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕೈಚೀಲದಲ್ಲಿರುತ್ತದೆ. ಮೊಸರು, ಉಪ್ಪಿನಕಾಯಿ, ತುಪ್ಪ ಮಾತ್ರ ಬೇಡ. 2006ರಲ್ಲಿ ಲಂಡನ್ನಿನಲ್ಲಿ ಬಯಲಾದ ದ್ರವಸ್ಫೋಟಕದ ಸಂಚಿನ ಬಳಿಕ ಬಂದ 100 ಮಿಲಿಲೀಟರ್ ನಿಯಮ ಬಹಳ ಕಡೆ ಇನ್ನೂ ಇದೆ, ಮತ್ತು ತಪಾಸಣೆಯಲ್ಲಿ ಮೊಸರೂ ದ್ರವವೇ.

7. ಪೆಟ್ಟಿಗೆ ಬಾರದಿದ್ದರೂ ಎರಡು ದಿನ ನಡೆಯುವಷ್ಟು ಕೈಯಲ್ಲಿರಲಿ

2024ರ ಏಪ್ರಿಲ್ 16ರಂದು ಯುಎಇಯಲ್ಲಿ 1949ರಲ್ಲಿ ಮಳೆ ದಾಖಲಿಸಲು ತೊಡಗಿದಂದಿನಿಂದ ಕಾಣದಷ್ಟು ಮಳೆ ಸುರಿದು ದುಬೈ ನಿಲ್ದಾಣ ನೀರಿನಲ್ಲಿ ನಿಂತಿತು. ಸಾವಿರಾರು ಜನ ಟ್ರಾನ್ಸಿಟ್‌ನಲ್ಲೇ ಸಿಕ್ಕಿಕೊಂಡರು. ಪೆಟ್ಟಿಗೆ ಎಲ್ಲೋ, ಅವರೆಲ್ಲೋ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೆಟ್ಟಿಗೆಗೆ ಹಾಕಬೇಡಿ ಎಂದು ಅಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತೇನೆ. ವೈದ್ಯರ ಚೀಟಿಯ ಪ್ರತಿಯೂ ಜೊತೆಗಿರಲಿ. ಒಂದು ಜೊತೆ ಬಟ್ಟೆ, ಚಾರ್ಜರ್, ಮದುವೆಗೆ ಹೊರಟಿದ್ದರೆ ಮದುವೆಯ ಸೀರೆ, ಎಲ್ಲವೂ ಕೈಚೀಲದಲ್ಲಿ. ಪವರ್ ಬ್ಯಾಂಕ್ ಯಾವತ್ತೂ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. 20,000 ಎಂಎಎಚ್‌ನದು ಸುಮಾರು 74. ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಅದನ್ನು ಬಳಸುವುದನ್ನೇ ನಿಲ್ಲಿಸಿದ್ದಾರೆ.

ಪೆಟ್ಟಿಗೆ ಬೆಲ್ಟಿನ ಮೇಲೆ ಬರಲಿಲ್ಲವೇ? ನಿಲ್ದಾಣ ಬಿಡುವ ಮುಂಚೆಯೇ ಕೌಂಟರಿನಲ್ಲಿ ‘ಪಿಐಆರ್’ ದೂರು ಬರೆಸಿ ಅದರ ಸಂಖ್ಯೆ ಪಡೆಯಿರಿ. ‘ನಾಳೆ ಬಂದೇ ಬರುತ್ತೆ ಸರ್’ ಎಂಬ ಬಾಯಿಮಾತನ್ನು ನಂಬಿ ನಾನು ಸಾಗರಕ್ಕೆ ಹೊರಟುಹೋಗಿ, ಆಮೇಲೆ ಫೋನಿನಲ್ಲಿ ಪಟ್ಟ ಪಾಡು ಸಾಕು. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಪೆಟ್ಟಿಗೆ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಆ ನಡುವೆ ಕೊಂಡ ಬಟ್ಟೆಬರೆಯ ಬಿಲ್ಲುಗಳನ್ನು ಎತ್ತಿಡಿ.

8. ಕಾಲು ಆಡಿಸುತ್ತಿರಿ

ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಲುಗದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆರೋಗ್ಯವಂತರಲ್ಲಿ ಆ ಸಾಧ್ಯತೆ ಕಡಿಮೆಯೇ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಹಿಂದೆ ಹೆಪ್ಪುಗಟ್ಟಿದ್ದವರು ಹೊರಡುವ ಮುಂಚೆ ವೈದ್ಯರನ್ನು ಕೇಳಲೇಬೇಕು. ನಮ್ಮ ಹಿರಿಯರು ಪಕ್ಕದವರನ್ನು ಎಬ್ಬಿಸುವುದು ಹೇಗೆಂದು ಸಂಕೋಚಪಟ್ಟು ಕಿಟಕಿಯ ಪಕ್ಕ ಮುದುಡಿ ಕುಳಿತುಬಿಡುತ್ತಾರೆ. ಅವರಿಗೆ ಹಾದಿ ಬದಿಯ ಸೀಟು ಆರಿಸಿಕೊಡಿ.

9. ಬೆಂಗಳೂರಿನಲ್ಲಿ ಇಳಿದ ರಾತ್ರಿ ಯಾರೂ ಕಾರು ಓಡಿಸಬೇಡಿ

ಗಲ್ಫಿನಿಂದಲೂ ಯುರೋಪಿನಿಂದಲೂ ಬರುವ ಎಷ್ಟೋ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯುವುದು ನಡುರಾತ್ರಿ ಕಳೆದ ಮೇಲೆ. ನನ್ನ ತಮ್ಮ ಸಾಗರದಿಂದ ಹಗಲೆಲ್ಲ ಕಾರು ಓಡಿಸಿಕೊಂಡು ಬಂದು, ಹೊರಗೆ ನಿಂತು ಕಾದು, ನನ್ನನ್ನು ಹತ್ತಿಸಿಕೊಂಡು ಹಾಗೇ ವಾಪಸು ಹೊರಡುತ್ತಿದ್ದ. ಅವನ ಪ್ರೀತಿ ಅದು. ನನಗೂ ಮನೆ ಸೇರುವ ಆತುರ. ಒಂದು ಬೆಳಗಿನ ಜಾವ ತಿಪಟೂರು ದಾಟಿದ ಮೇಲೆ ಕಾರು ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿತು. ಅವನಿಗೆ ಕಣ್ಣು ಮುಚ್ಚಿತ್ತು, ನನಗೂ ಮುಚ್ಚಿತ್ತು. ಮರ ನಾಲ್ಕು ಮಾರು ಆಚೆಗಿತ್ತು.

ಅಂದಿನಿಂದ ಕಟ್ಟುನಿಟ್ಟು. ಮೆಜೆಸ್ಟಿಕ್‌ಗೆ ಹೋಗುವ ಬಿಎಂಟಿಸಿಯ ವಾಯುವಜ್ರ ಬಸ್ಸು ರಾತ್ರಿಯೂ ಸಿಗುತ್ತದೆ. ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಮಲಗಿ, ಮರುದಿನ ತಾಳಗುಪ್ಪ ರೈಲು ಹಿಡಿಯುತ್ತೇನೆ. 2023ರ ಆಗಸ್ಟ್ ಕೊನೆಗೆ ಬೆಂಗಳೂರು–ಶಿವಮೊಗ್ಗ ವಿಮಾನವೂ ಶುರುವಾಯಿತು. ಶಿಕಾಗೊಗೂ ಊರಿಗೂ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಬಂದ ಮರುದಿನವೇ ಗೃಹಪ್ರವೇಶ, ಮದುವೆ ಎಂದು ಒಪ್ಪಿಕೊಳ್ಳಬೇಡಿ. ಬೆಳಿಗ್ಗೆ ಎದ್ದು ಬಿಸಿಲಿನಲ್ಲಿ ಓಡಾಡಿ. ದೇಹದ ಗಡಿಯಾರ ಬೇಗ ಹಳಿಗೆ ಬರಲು ಬೆಳಕಿಗಿಂತ ದೊಡ್ಡ ಮದ್ದಿಲ್ಲ.

10. ಕರೆ ಬಂದ ರಾತ್ರಿ ಹೊರಡುವಂತೆ ಕಾಗದಪತ್ರ ಇರಲಿ

ದೂರ ಇರುವವರೆಲ್ಲ ಹೆದರುವ ಫೋನ್ ಕರೆ ನನಗೂ ಬಂತು. ಅಪ್ಪ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಕೆಲವೇ ಗಂಟೆಗಳಲ್ಲಿ ಟಿಕೆಟ್ ಸಿಕ್ಕಿತು. ಆದರೆ ಮಗಳು ಅಮೆರಿಕದ ಪ್ರಜೆ. ವೀಸಾ ಇಲ್ಲದೆ ಭಾರತಕ್ಕೆ ಬರಲು ಬೇಕಾದ ಅವಳ ಓಸಿಐ ಕಾರ್ಡಿನ ಅರ್ಜಿ ‘ಮುಂದಿನ ರಜೆಯಲ್ಲಿ ನೋಡೋಣ’ ಎಂದು ಮೇಜಿನ ಸೆಳೆಖಾನೆಯಲ್ಲೇ ಇತ್ತು. ಇ-ವೀಸಾಕ್ಕೆ ತಲುಪುವ ದಿನಕ್ಕಿಂತ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಹಾಕಬೇಕು. ನಾನೊಬ್ಬನೇ ಹೊರಟೆ. ಅಪ್ಪ ಕಣ್ಣು ತೆರೆದು ನನ್ನ ಹಿಂದೆ ನೋಡಿ, ‘ಪುಟ್ಟಿ ಬರಲಿಲ್ವಾ?’ ಎಂದರು. ಹೆಂಡತಿ ಮಗಳು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ.

ಇದನ್ನು ಬರೆಯುವುದು ಕಷ್ಟ, ಆದರೂ ಇನ್ನೊಬ್ಬರ ಮನೆಯಲ್ಲಿ ಹೀಗಾಗದಿರಲಿ ಎಂದು ಬರೆಯುತ್ತಿದ್ದೇನೆ. ಮಗು ಹುಟ್ಟಿ ಪಾಸ್‌ಪೋರ್ಟ್ ಬಂದ ಕೂಡಲೇ ಓಸಿಐ ಅರ್ಜಿ ಹಾಕಿ. ಅಮೆರಿಕದಲ್ಲಿ 16 ವರ್ಷದೊಳಗಿನವರ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ. 20 ವರ್ಷದೊಳಗಿನವರ ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ ಅದರ ಪ್ರತಿ ಮತ್ತು ಫೋಟೊವನ್ನು ಓಸಿಐ ಜಾಲತಾಣಕ್ಕೆ ಏರಿಸಬೇಕು. ನಿಮ್ಮ ಪಾಸ್‌ಪೋರ್ಟ್ ಮುಗಿಯಲು ಆರು ತಿಂಗಳಿದ್ದಾಗಲೇ ನವೀಕರಣಕ್ಕೆ ಕೊಡಿ. ಮಗುವಿನೊಂದಿಗೆ ಒಬ್ಬರೇ ಹೊರಡಬೇಕಾದರೆ ಇನ್ನೊಬ್ಬ ಪೋಷಕರ ಒಪ್ಪಿಗೆ ಪತ್ರ ಸಹಿಯಾಗಿ ಸಿದ್ಧವಿರಲಿ. ಎಲ್ಲವೂ ಒಂದೇ ಚೀಲದಲ್ಲಿ, ಮನೆಯಲ್ಲಿ ಇಬ್ಬರಿಗೂ ಗೊತ್ತಿರುವ ಜಾಗದಲ್ಲಿರಲಿ. ಅರ್ಜಿ ಇನ್ನೂ ಸೆಳೆಖಾನೆಯಲ್ಲೇ ಇದ್ದರೆ, ಈ ವಾರವೇ ಕಳಿಸಿ.